ಹಳೆ ಅಂಬಾಸಿಡರ್‌ಗೆ ಹೊಸ ಬ್ರೇಕ್ ಶೂ

ಮೊದಲು ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಡ್ರಮ್, ಅಂದರೆ ಚಕ್ರದೊಡನೆ ತಿರುಗುವ, ಶೂ ಒಳಗಿನಿಂದ ಒತ್ತಿ ನಿಲ್ಲಿಸುವ ಬಟ್ಟಲು, ಬರದಿದ್ದರೆ ಸುತ್ತಿಗೆ ಎತ್ತುವ ಮುಂಚೆ ಅಡ್ಜಸ್ಟರ್ (ಶೂ ಮತ್ತು ಡ್ರಮ್ ನಡುವಿನ ಅಂತರ ಹೊಂದಿಸುವ ತಿರುಪು) ಸಡಿಲಿಸಿ. ಸವೆದ ಡ್ರಮ್ಮಿನ ಅಂಚಿಗೆ ಶೂ ಸಿಕ್ಕಿಕೊಂಡಿರುತ್ತದೆ.

ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲೇಬೇಡಿ. ಹಳೆ ಲೈನಿಂಗ್‌ನಲ್ಲಿ (ಶೂ ಮೇಲಿನ ಉಜ್ಜುವ ಪದರ) ಆಸ್‌ಬೆಸ್ಟಾಸ್ ಇರಬಹುದು, ಆ ನಾರು ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಒಂದು ಬದಿ ಮುಗಿಸಿದ ಮೇಲೆಯೇ ಇನ್ನೊಂದು ಬದಿ ಬಿಚ್ಚಿ, ಸ್ಪ್ರಿಂಗ್ ಯಾವ ತೂತಿಗೆ ಎಂಬುದಕ್ಕೆ ಮಾದರಿ ಉಳಿಯುತ್ತದೆ. ಆದರೆ ಒಂದೇ ಬದಿಗೆ ನಿಲ್ಲಿಸಬೇಡಿ, ಎರಡೂ ಬದಿಯ ಶೂ ಬದಲಾಗಬೇಕು. ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಬ್ರೇಕ್ ಆಯಿಲ್ ಒತ್ತಡದಿಂದ ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಕವಚ ಎತ್ತಿ ನೋಡಿ. ಒಳಗೆ ಒದ್ದೆಯಿದ್ದರೆ ಸೀಲ್ ಹೋಗಿದೆ. ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕಿನ ಗುಳಿ ಇದ್ದರೆ ಹೊಸ ಸೀಲಿನ ಕಿಟ್ ಸಾಲದು, ಸಿಲಿಂಡರನ್ನೇ ಬದಲಿಸಿ. ಸೀಲುಗಳನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆದರೆ ಉಬ್ಬಿ ಬ್ರೇಕ್ ಹಿಡಿದುಕೊಳ್ಳುತ್ತದೆ. ಬ್ರೇಕ್ ಆಯಿಲ್ಲೇ ಸರಿ. ಬ್ರೇಕ್ ಆಯಿಲ್ ಸಾಗಿಸುವ ಹಳೆ ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿರಬಹುದು, ಪೆಡಲ್ ಬಿಟ್ಟರೂ ಚಕ್ರ ಬಿಡದಿರಲು ಅದೂ ಒಂದು ಕಾರಣ. ಹಾಗಾಗಿ ಎಲ್ಲ ಹೋಸ್‌ಗಳನ್ನೂ ಹೊಸದು ಹಾಕಿಬಿಡಿ.

ಡ್ರಮ್ ಕೂರಿಸಿ, ಚಕ್ರ ಬಿಗಿಯುವವರೆಗೆ ಅಡ್ಜಸ್ಟರ್ ತಿರುಗಿಸಿ, ಸಲೀಸಾಗಿ ತಿರುಗುವಷ್ಟು ಮಾತ್ರ ಹಿಂದೆ ಬಿಡಿ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ತುಂಬಿ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡ ಚಕ್ರದಿಂದ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯಲು ಶುರುಮಾಡಿ. ಆಯಿಲ್ ಗಾಡಿಯ ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಸುರಿಯಿರಿ, ಇಲ್ಲದಿದ್ದರೆ ಪೇಂಟ್ ಕಿತ್ತುಬರುತ್ತದೆ.