ಡ್ರೈನ್ ವೈರ್‌ಗೆ ಅರ್ಥ್ ಒಂದೇ ಕಡೆ

ಪೀಣ್ಯದ ಒಂದು ಕಾರ್ಖಾನೆ. ಬೆಳಗ್ಗೆ ಮೆಷಿನ್ ಶುರುವಾದ ಕೂಡಲೇ ಫೈರ್ ಅಲಾರಂ ಪ್ಯಾನೆಲ್‌ನಲ್ಲಿ ಫಾಲ್ಟ್. ಊಟಕ್ಕೆ ಮೆಷಿನ್ ನಿಂತರೆ ಫಾಲ್ಟೂ ಮಾಯ. ಮೂರು ದಿನ ಸುಮ್ನೆ ಡಿಟೆಕ್ಟರ್ ಬದಲಾಯಿಸಿದೆವು. ಕೊನೆಗೆ ಸಿಕ್ಕಿದ್ದು ಒಂದು ಜಂಕ್ಷನ್ ಬಾಕ್ಸ್‌ನ ಗ್ಲ್ಯಾಂಡ್ ಒಳಗೆ, ಅಂದರೆ ಕೇಬಲ್ ಬಾಕ್ಸ್‌ಗೆ ಹೊಗುವಲ್ಲಿ ಅದನ್ನು ಬಿಗಿ ಹಿಡಿಯುವ ತುಂಡಿನಲ್ಲಿ. ಕೇಬಲ್ ಒಳಗಿನ ಶೀಲ್ಡಿನ ಬರಿ ತಂತಿ, ಅಂದರೆ ಡ್ರೈನ್ ವೈರ್, ಹೊರಗಿನ ಲೋಹದ ಆರ್ಮರ್‌ಗೆ ತಾಗಿಕೊಂಡಿತ್ತು. ಆ ಗ್ಲ್ಯಾಂಡ್ ಕಟ್ಟಿದ್ದು ನಾನೇ.

ಪ್ಯಾನೆಲ್‌ನಿಂದ ಹೊರಟು ಡಿಟೆಕ್ಟರ್‌ಗಳನ್ನೆಲ್ಲ ಸುತ್ತಿ ಪ್ಯಾನೆಲ್‌ಗೇ ಮರಳುವ ಸಾಲೇ ಲೂಪ್. ನಮ್ಮ ಕಡೆ ಅದಕ್ಕೆ ಎಳೆಯುವುದು ಹೆಚ್ಚಾಗಿ 2 ಕೋರ್, 1.5 ಚದರ ಮಿಮೀ ಕೆಂಪು ಆರ್ಮರ್ಡ್ ಕೇಬಲ್. ಅದರಲ್ಲಿ ಎರಡು ಲೋಹದ ಪದರ ಇರುತ್ತವೆ. ಹೊರಗಿನ ಆರ್ಮರ್ ಇಲಿ, ಪೆಟ್ಟು ತಡೆಯಲು. ಅದಕ್ಕೆ ಗ್ಲ್ಯಾಂಡ್ ಮೂಲಕ ಅರ್ಥ್ ಸಿಗಬೇಕು. ಒಳಗಿನ ಅಲ್ಯುಮಿನಿಯಂ ಹಾಳೆ ಮತ್ತು ಅದಕ್ಕೆ ಅಂಟಿಕೊಂಡು ಬರುವ ಬರಿ ತಂತಿ (ಡ್ರೈನ್ ವೈರ್) ಸೇರಿ ಶೀಲ್ಡ್. ಅದಕ್ಕೆ ಅರ್ಥ್ ಪ್ಯಾನೆಲ್ ಹತ್ತಿರ ಮಾತ್ರ, ಒಂದೇ ಕಡೆ. ದೊಡ್ಡ ಕಟ್ಟಡದಲ್ಲಿ ಎರಡು ಕಡೆಯ ಅರ್ಥ್ ಒಂದೇ ವೋಲ್ಟೇಜ್‌ನಲ್ಲಿ ಇರುವುದಿಲ್ಲ. ಎರಡು ಕಡೆ ಕೊಟ್ಟರೆ ಶೀಲ್ಡಿನಲ್ಲೇ ಕರೆಂಟ್ ಹರಿದು, ತಡೆಯಬೇಕಾದ ವಿದ್ಯುತ್ ಗಲಾಟೆಯನ್ನು (ನಾಯ್ಸ್) ಅದೇ ಒಳಗೆ ತರುತ್ತದೆ.

ಮೊದಲು ಪ್ಯಾನೆಲ್ ಮ್ಯಾನ್ಯುಯಲ್ ನೋಡಿ. ಶೀಲ್ಡ್ ಬೇಕೇ, ಯಾವ ಟರ್ಮಿನಲ್‌ಗೆ, ಎಷ್ಟು ಉದ್ದದವರೆಗೆ ಎಂದು ಅದರಲ್ಲಿರುತ್ತದೆ. ಶೀಲ್ಡ್ ಇದ್ದರೆ ಕೇಬಲ್‌ನ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) ಜಾಸ್ತಿ, ಹಾಗಾಗಿ ಉದ್ದದ ಮಿತಿ ಮುಖ್ಯ. ಮ್ಯಾನ್ಯುಯಲ್ ಹೇಳದೆ ಶೀಲ್ಡನ್ನು ಲೂಪ್ ನೆಗೆಟಿವ್‌ಗೆ ಸಿಕ್ಕಿಸಬೇಡಿ.

ಎಳೆಯುವಾಗ ಪವರ್ ಕೇಬಲ್‌ನ ಟ್ರೇಗೆ ಹಾಕಬೇಡಿ. ನಾನು ಕನಿಷ್ಠ ಒಂದು ಅಡಿ ಬಿಡುತ್ತೇನೆ. ಮೋಟರ್ ಡ್ರೈವ್ ಕೇಬಲ್ ಇದ್ದರೆ ಇನ್ನೂ ದೂರ. ದಾಟಲೇಬೇಕಾದರೆ ನೇರ ಅಡ್ಡಲಾಗಿ ದಾಟಿಸಿ.

ಇನ್ನು ಡಿಟೆಕ್ಟರ್ ಬೇಸ್. ಎಲ್ಲರೂ ಎಡವುವುದು ಇಲ್ಲೇ. ಬರುವ ಮತ್ತು ಹೋಗುವ ಡ್ರೈನ್ ವೈರ್ ಎರಡನ್ನೂ ಸೇರಿಸಿ ಕ್ರಿಂಪ್ ಮಾಡಿ, ಇಲ್ಲದಿದ್ದರೆ ಅಲ್ಲಿಂದ ಮುಂದೆ ಶೀಲ್ಡ್ ಇದ್ದೂ ಇಲ್ಲದಂತೆ. ಬರಿ ತಂತಿ ಕಾಣುವಷ್ಟು ಭಾಗಕ್ಕೆಲ್ಲ ಸ್ಲೀವ್ (ಇನ್ಸುಲೇಷನ್ ಕೊಳವೆ) ಹಾಕಿ. ಟೇಪ್ ಸಾಕಲ್ವಾ ಎನ್ನುತ್ತಾನೆ ನಮ್ಮ ಹುಡುಗ. ಸೀಲಿಂಗ್ ಬಿಸಿಗೆ ಟೇಪ್ ಬಿಚ್ಚಿಕೊಳ್ಳುತ್ತದೆ. ಹಾಳೆಯನ್ನು ಒಳ ಕವಚದ ಅಂಚಿಗೇ ಕತ್ತರಿಸಿ. ಚೂರು ಹೊರಗೆ ಉಳಿದರೆ ಕಬ್ಬಿಣದ ಬಾಕ್ಸ್‌ಗೆ ತಾಗುತ್ತದೆ. ಗ್ಲ್ಯಾಂಡ್ ಬಿಗಿಯುವ ಮುಂಚೆ ಆರ್ಮರ್ ತಂತಿಯ ಚೂಪು ತುದಿ ಒಳ ಕವಚ ಚುಚ್ಚಿಲ್ಲ ಎಂದು ಬೆರಳಾಡಿಸಿ ನೋಡಿ. ನಾನು ಅವತ್ತು ನೋಡಿರಲಿಲ್ಲ.

ಲೂಪ್ ಪ್ಯಾನೆಲ್‌ಗೆ ವಾಪಸ್ ಬಂದಾಗ ಆ ತುದಿಯ ಡ್ರೈನ್ ವೈರ್‌ಗೆ ಸ್ಲೀವ್ ಹಾಕಿ ಮಡಚಿಡಿ. ಹೊರಡುವ ತುದಿ ಮಾತ್ರ ಅರ್ಥ್‌ಗೆ.

ಆ ಅರ್ಥ್ ಕೊಡುವ ಮುಂಚೆ ಟೆಸ್ಟ್. ಮೇನ್ಸ್ ಜೊತೆ ಬ್ಯಾಟರಿಯನ್ನೂ ಬಿಚ್ಚಿ. ಮಲ್ಟಿಮೀಟರ್‌ನಲ್ಲಿ ಶೀಲ್ಡ್ ಮತ್ತು ಅರ್ಥ್ ನಡುವೆ ಓಪನ್ ತೋರಿಸಬೇಕು. ಶೀಲ್ಡಿನ ಎರಡು ತುದಿಗಳ ನಡುವೆ ಕಂಟಿನ್ಯುಯಿಟಿ ಬರಬೇಕು. 1.5 ಚದರ ಮಿಮೀ ತಾಮ್ರದ ತಂತಿ ಆದರೆ ಕಿಲೋಮೀಟರಿಗೆ ಸುಮಾರು 12 ಓಮ್ಸ್. ಡ್ರೈನ್ ವೈರ್ ತೆಳ್ಳಗಿದ್ದರೆ ಇನ್ನೂ ಜಾಸ್ತಿ. ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೀಟರ್) ಹಾಕುವುದಾದರೆ ಡಿಟೆಕ್ಟರ್, ಮಾಡ್ಯೂಲ್ ಎಲ್ಲ ಬಿಚ್ಚಿ, ಪ್ಯಾನೆಲ್‌ನಿಂದಲೂ ಕೇಬಲ್ ತೆಗೆದ ಮೇಲೇ. 24 ವೋಲ್ಟ್ ಬೋರ್ಡ್ 500 ವೋಲ್ಟ್ ತಡೆಯುವುದಿಲ್ಲ.

ಶೀಲ್ಡ್ ಅರ್ಥ್‌ಗೆ ತಾಗಿದೆ ಎಂದು ಮೀಟರ್ ಹೇಳಿದರೆ ಲೂಪ್ ಅನ್ನು ನಡುವೆ ಬಿಚ್ಚಿ. ಯಾವ ಅರ್ಧದಲ್ಲಿ ಇದೆಯೋ ಅದನ್ನು ಮತ್ತೆ ಅರ್ಧ ಮಾಡಿ. ಪೀಣ್ಯದಲ್ಲಿ ಹೀಗೆ ಹುಡುಕಲು ಹಿಡಿದದ್ದು ನಲವತ್ತು ನಿಮಿಷ, ಆ ಮೂರು ದಿನ ಆದಮೇಲೆ.