ವಾಲ್‌ನಟ್ ಮೇಜು: ಬಣ್ಣ ನೋಡಿ ಹಲಗೆ ಆರಿಸಿದ್ದು

ಬರೆಯುವ ಮೇಜಿಗೆ ಕಪ್ಪು ವಾಲ್‌ನಟ್ ಆರಿಸುವಾಗ ನಾನು ಟೇಪು ಹಿಡಿಯುವ ಮೊದಲೇ ಹಲಗೆಗಳನ್ನೆಲ್ಲ ಬೆಳಕಿಗೆ ಹರಡಿ, ಮೇಲೆ ಒಂದಿಷ್ಟು ಸ್ಪಿರಿಟ್ ಸವರಿ ನೋಡಿದೆ. ಪಾಲಿಶ್ ಆದಮೇಲೆ ಬರುವ ಬಣ್ಣ ಆಗಲೇ ಹೆಚ್ಚುಕಮ್ಮಿ ಕಾಣುತ್ತದೆ. ಉತ್ತರ ಅಮೆರಿಕದ ಪೂರ್ವಭಾಗದ ಈ ಮರದ ಚೇಗಿನಲ್ಲಿ, ಅಂದರೆ ಕಾಂಡದ ಒಳಭಾಗದ ಗಟ್ಟಿ ಮರದಲ್ಲಿ, ತಿಳಿಗಂದಿನಿಂದ ಚಾಕೊಲೇಟ್ ಕಂದಿನವರೆಗೆ ಎಲ್ಲವೂ ಇರುತ್ತದೆ, ನಡುನಡುವೆ ನೇರಳೆ ಛಾಯೆಯ ಗೆರೆಗಳೂ. ಹೊರಸುತ್ತಿನ ಮರ ಮಾತ್ರ ಕೆನೆಬಿಳಿ. ಆ ಬಿಳಿಯನ್ನು ಕಂದಾಗಿಸಲು ಎಷ್ಟೋ ಮಿಲ್ಲುಗಳಲ್ಲಿ ಹಲಗೆಗೆ ಹಬೆ ಕೊಡುತ್ತಾರೆ. ಬಣ್ಣ ಸಮನಾಗುತ್ತದೆ, ಆದರೆ ಚೇಗಿನ ಕಳೆ ಮಂಕಾಗುತ್ತದೆ. ಹಾಗಾಗಿ ಹಬೆ ಕಾಣದೆ ಗಾಳಿಯಲ್ಲೇ ಒಣಗಿದ ಹಲಗೆ ಹುಡುಕಿ ತಂದೆ. ಬಿಳಿ ಅಂಚನ್ನು ಪೂರ್ತಿ ತೆಗೆದುಹಾಕಿದೆ; ಹುಳ ಹಿಡಿಯುವುದೂ ಅದಕ್ಕೇ ಹೆಚ್ಚು.

ಒಣಗಿದ ಈ ಮರ ಘನ ಮೀಟರಿಗೆ ಸುಮಾರು 610 ಕಿಲೋ ತೂಗುತ್ತದೆ. ಉಕ್ಕಿನ ಗುಂಡೊಂದನ್ನು ಮರದೊಳಗೆ ಅರ್ಧದವರೆಗೆ ಒತ್ತಲು ಬೇಕಾಗುವ ಬಲವನ್ನು ಅಳೆಯುವ ಜಾಂಕಾ ಮಾಪನದಲ್ಲಿ ಇದರ ಗಡಸುತನ 1,010 ಪೌಂಡ್, ಬಿಳಿ ಓಕ್‌ನದು 1,350ರ ಆಸುಪಾಸು. ಈ ವ್ಯತ್ಯಾಸ ಉಳಿ ಹಿಡಿದ ಕೈಗೆ ತಕ್ಷಣ ತಿಳಿಯುತ್ತದೆ. ಡ್ರಾಯರಿನ ಮೂಲೆ ಜೋಡಿಸುವ, ಪಾರಿವಾಳದ ಬಾಲದ ಆಕಾರದ ಡವ್‌ಟೇಲ್ ಕಚ್ಚುಗಳು ಅಂಚು ಮುರಿಯದೆ, ಬೆಣ್ಣೆ ಕುಯ್ದ ಹಾಗೆ ಬಂದವು. ಕೊಂಬೆ ಕವಲೊಡೆದ ಜಾಗದಿಂದ ಸೀಳಿದ ಹಲಗೆಯಲ್ಲಿ ಮಾತ್ರ ಎಳೆ ಎಲ್ಲೆಂದರಲ್ಲಿ ತಿರುಗಿರುತ್ತದೆ. ಮರ ಕೀಸುವ ತೋಪಡದ ಅಲಗನ್ನು ಮತ್ತೆ ಮಸೆದು, ತೀರ ತೆಳ್ಳಗೆ ಕೀಸಬೇಕಾಯಿತು. ಆ ಹಲಗೆಯನ್ನು ಡ್ರಾಯರಿನ ಮುಖಕ್ಕೇ ಇಟ್ಟೆ. ಅಷ್ಟು ಚಂದದ ಎಳೆಯನ್ನು ಕಾಲಿಗೋ ಅಡ್ಡಪಟ್ಟಿಗೋ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ವಾಲ್‌ನಟ್ ತೇವಕ್ಕೆ ಹೆಚ್ಚು ಹಿಗ್ಗಿ ಕುಗ್ಗದ ಮರ ಎನ್ನುತ್ತಾರೆ. ಬಂದೂಕಿನ ಹಿಡಿಗೆ ಅದನ್ನು ಮೆಚ್ಚುವುದೂ ಈ ಗುಣಕ್ಕೇ. ಆದರೂ 60 ಸೆಂಟಿಮೀಟರ್ ಅಗಲದ ಮೇಜಿನ ಮೇಲ್ಹಲಗೆಯ ತೇವಾಂಶ ಶೇ. 4ರಷ್ಟು ಏರಿಳಿದರೆ ಅಗಲ ಸುಮಾರು 6 ಮಿಲಿಮೀಟರ್ ಹೆಚ್ಚುಕಡಿಮೆಯಾಗುತ್ತದೆ. ಅದಕ್ಕೆ ಜಾಗ ಬಿಟ್ಟು, ತಿರುಪು ಕೂರುವ ತೂತುಗಳನ್ನು ಉದ್ದುದ್ದ ಕೊರೆದೆ.

ಅಂಟು ಹಾಕುವಾಗ ಕಬ್ಬಿಣದ ಕ್ಲ್ಯಾಂಪಿನ ಕೆಳಗೆ ಮೇಣದ ಕಾಗದ ಇಡಲೇಬೇಕು. ಮರದ ಟ್ಯಾನಿನ್ ಎಂಬ ಒಗರು ಅಂಶ, ಒದ್ದೆ ಅಂಟು, ಕಬ್ಬಿಣ ಮೂರೂ ಸೇರಿದರೆ ನೀಲಿಗಪ್ಪು ಕಲೆ ಬೀಳುತ್ತದೆ. ತಿರುಪುಗಳೂ ಹಿತ್ತಾಳೆಯವೇ.

ಬಣ್ಣದ ಸ್ಟೇನ್ ಹಚ್ಚಲಿಲ್ಲ. ಉಪ್ಪುಕಾಗದದಲ್ಲಿ 220 ನಂಬರಿನವರೆಗೆ ಉಜ್ಜಿ, ಅಗಸೆಯೆಣ್ಣೆಯನ್ನು ತೆಳ್ಳಗೆ ಸವರಿ, ಉಳಿದದ್ದನ್ನು ಒರೆಸಿ ಒಣಗಲು ಬಿಟ್ಟೆ. ಒಣಗಿದ ಮೇಲೆ ಮತ್ತೊಮ್ಮೆ ಅಷ್ಟೇ. ಎಣ್ಣೆ ಒರೆಸಿದ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು, ಅದನ್ನು ಹರವಿಯೇ ಒಣಗಿಸಬೇಕು. ಚೆರಿ ಮರ ಬೆಳಕಿಗೆ ಕಪ್ಪೇರಿದರೆ ವಾಲ್‌ನಟ್ ತಿಳಿಯಾಗುತ್ತ ಹೋಗುತ್ತದೆ. ಮೇಜಿನ ಮೇಲೆ ಒಂದೇ ಜಾಗದಲ್ಲಿ ವಸ್ತು ಇಟ್ಟರೆ ಅದರಡಿ ಗಾಢ ಗುರುತು ಉಳಿಯುತ್ತದೆ. ಆದ್ದರಿಂದ ಮೊದಲ ಕೆಲವು ತಿಂಗಳು ದೀಪ, ಪುಸ್ತಕಗಳ ಜಾಗವನ್ನು ಆಗಾಗ ಬದಲಿಸುತ್ತಿದ್ದೆ.

ಕೀಸಿದ ಸಿಪ್ಪೆಯನ್ನು ಕುದುರೆ ಲಾಯದಲ್ಲಿ ಹಾಸಲು ಯಾರಾದರೂ ಕೇಳಿದರೆ ಕೊಡಬೇಡಿ. ಕಪ್ಪು ವಾಲ್‌ನಟ್ ಸಿಪ್ಪೆಯ ಮೇಲೆ ನಿಂತ ಕುದುರೆಗೆ ಗೊರಸಿನ ಉರಿಯೂತ ಬರುತ್ತದೆ.