ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಕ್ರೆಡಿಟ್: ಅಮೆರಿಕದಲ್ಲಿ ಡ್ಯುಯಲ್ ಎನ್‌ರೋಲ್‌ಮೆಂಟ್ ಸೇರುವ ಬಗೆ

ಅಮೆರಿಕದಲ್ಲಿ ಹೈಸ್ಕೂಲು ಎಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷ. ಅದರ ಕೊನೆಯ ಎರಡು ವರ್ಷಗಳಲ್ಲಿ, ಕೆಲವು ರಾಜ್ಯಗಳಲ್ಲಿ ಇನ್ನೂ ಮೊದಲೇ, ವಿದ್ಯಾರ್ಥಿಯು ಕಾಲೇಜಿನ ಕೋರ್ಸೊಂದನ್ನು ಓದಿ, ಅದರಿಂದ ಹೈಸ್ಕೂಲಿಗೂ ಕಾಲೇಜಿಗೂ ಏಕಕಾಲದಲ್ಲಿ ಕ್ರೆಡಿಟ್ (ಪದವಿಯ ಲೆಕ್ಕಕ್ಕೆ ಸೇರುವ ಓದಿನ ಅಳತೆ) ಪಡೆಯಲು ಅವಕಾಶವಿದೆ. ಇದಕ್ಕೆ ಸಾಮಾನ್ಯವಾಗಿ ಡ್ಯುಯಲ್ ಎನ್‌ರೋಲ್‌ಮೆಂಟ್ ಎಂಬ ಹೆಸರಿದ್ದರೂ ಟೆಕ್ಸಸ್‌ನಲ್ಲಿ ಡ್ಯುಯಲ್ ಕ್ರೆಡಿಟ್, ವಾಷಿಂಗ್ಟನ್ ರಾಜ್ಯದಲ್ಲಿ ರನ್ನಿಂಗ್ ಸ್ಟಾರ್ಟ್, ಓಹಾಯೊದಲ್ಲಿ ಕಾಲೇಜ್ ಕ್ರೆಡಿಟ್ ಪ್ಲಸ್ ಎನ್ನುತ್ತಾರೆ. 1985ರಲ್ಲಿ ಮಿನೆಸೋಟ ಇಂಥ ಯೋಜನೆಗೆ ರಾಜ್ಯಮಟ್ಟದ ಕಾನೂನು ಮಾಡಿತು. ಅಲ್ಲಿಂದೀಚೆಗೆ ಬಹುತೇಕ ರಾಜ್ಯಗಳು ತಮ್ಮದೇ ನಿಯಮಗಳನ್ನು ಕಟ್ಟಿಕೊಂಡಿರುವುದರಿಂದ, ಪಕ್ಕದ ರಾಜ್ಯದಲ್ಲಿರುವ ಬಂಧುಗಳ ಅನುಭವವನ್ನು ನಂಬಿ ನಿರ್ಧಾರ ಮಾಡುವುದು ಸರಿಯಲ್ಲ.

ಎಷ್ಟು ಕ್ರೆಡಿಟ್ ಸಿಗುತ್ತದೆ ಎಂದು ಲೆಕ್ಕ ಹಾಕುವ ಮೊದಲು, ಆ ಕ್ರೆಡಿಟ್ ಮುಂದೆ ಎಲ್ಲಿ ಸಲ್ಲುತ್ತದೆ ಎಂದು ವಿಚಾರಿಸಬೇಕು. ರಾಜ್ಯದ ಸಮುದಾಯ ಕಾಲೇಜಿನಲ್ಲಿ (ಸಾಮಾನ್ಯವಾಗಿ ಎರಡು ವರ್ಷದ ಸರ್ಕಾರಿ ಕಾಲೇಜು) ಗಳಿಸಿದ ಕ್ರೆಡಿಟ್ ಅದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸಾಮಾನ್ಯವಾಗಿ ಸುಲಭವಾಗಿ ವರ್ಗಾವಣೆಯಾಗುತ್ತದೆ. ಫ್ಲೋರಿಡಾ ಮತ್ತು ಟೆಕ್ಸಸ್‌ಗಳಲ್ಲಿ ಇದಕ್ಕೆಂದೇ ಕೋರ್ಸುಗಳಿಗೆ ಸಮಾನ ಸಂಖ್ಯೆಗಳನ್ನು ಕೊಡುವ ಪದ್ಧತಿಯಿದೆ. ಕ್ಯಾಲಿಫೋರ್ನಿಯಾದಲ್ಲಿ ಅಸಿಸ್ಟ್ ಎಂಬ ಜಾಲತಾಣವು ಯಾವ ಸಮುದಾಯ ಕಾಲೇಜಿನ ಯಾವ ಕೋರ್ಸು ಸರ್ಕಾರಿ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಸಮ ಎಂಬುದನ್ನು ತೋರಿಸುತ್ತದೆ. ಖಾಸಗಿ ವಿಶ್ವವಿದ್ಯಾಲಯಗಳ ಮಾತು ಬೇರೆ. ಹೈಸ್ಕೂಲಿನ ಪದವಿಗೆ ಒಮ್ಮೆ ಎಣಿಸಿದ ಕೋರ್ಸನ್ನು ಅವುಗಳಲ್ಲಿ ಅನೇಕವು ಮತ್ತೆ ತಮ್ಮ ಪದವಿಗೆ ಎಣಿಸುವುದಿಲ್ಲ. ಇನ್ನು ಕೆಲವು ಕಡೆ ಕ್ರೆಡಿಟ್ ಒಪ್ಪಿತವಾದರೂ ಅದು ಐಚ್ಛಿಕ ವಿಷಯದ ಖಾತೆಗೆ ಹೋಗುತ್ತದೆ. ಎಂಜಿನಿಯರಿಂಗ್ ಓದುವವರಿಗೆ ಬೇಕಾದ ಕ್ಯಾಲ್ಕುಲಸ್ ಅಥವಾ ಭೌತಶಾಸ್ತ್ರದ ಜಾಗವನ್ನು ತುಂಬುವುದಿಲ್ಲ. ಆದ್ದರಿಂದ ವಿದ್ಯಾರ್ಥಿಯು ಸೇರಬಯಸುವ ಮೂರು ನಾಲ್ಕು ವಿಶ್ವವಿದ್ಯಾಲಯಗಳ ವರ್ಗಾವಣೆ ನಿಯಮಗಳನ್ನು ಮೊದಲು ಓದಿ, ಆಮೇಲೆ ಕೋರ್ಸನ್ನು ಆರಿಸುವುದೇ ಜಾಣತನ. ನನ್ನ ಅಭಿಪ್ರಾಯದಲ್ಲಿ ಇಂಗ್ಲಿಷ್ ಪ್ರಬಂಧ ರಚನೆ, ಸಂಖ್ಯಾಶಾಸ್ತ್ರ, ಅಮೆರಿಕದ ಇತಿಹಾಸದಂತಹ ಎಲ್ಲ ಕಡೆಯೂ ಕೇಳುವ ಸಾಮಾನ್ಯ ವಿಷಯಗಳಿಂದ ಆರಂಭಿಸುವುದು ಕ್ಷೇಮ.

ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್), ಅಂದರೆ ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಕೋರ್ಸಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲೇ ಹೇಳಬೇಕು. ಎಪಿಯಲ್ಲಿ ಕಾಲೇಜಿನ ಕ್ರೆಡಿಟ್ ನಿಂತಿರುವುದು ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ಪರೀಕ್ಷೆಯಲ್ಲಿ ಬರುವ 1ರಿಂದ 5ರವರೆಗಿನ ಅಂಕದ ಮೇಲೆ. ಅಂಕ ಕಡಿಮೆ ಬಂದರೆ ಕ್ರೆಡಿಟ್ ಸಿಗುವುದಿಲ್ಲ, ಅಷ್ಟೇ. ಡ್ಯುಯಲ್ ಎನ್‌ರೋಲ್‌ಮೆಂಟಿನಲ್ಲಿ ಇಡೀ ಸೆಮಿಸ್ಟರಿನ ಕೆಲಸದ ಮೇಲೆ ಗ್ರೇಡ್ ಬರುತ್ತದೆ, ಮತ್ತು ಆ ಗ್ರೇಡ್ ಕಾಲೇಜಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ (ಅಂಕಪಟ್ಟಿಯಲ್ಲಿ) ಶಾಶ್ವತವಾಗಿ ಉಳಿಯುತ್ತದೆ. ಮುಂದೆ ವೈದ್ಯಕೀಯ ಶಿಕ್ಷಣಕ್ಕೆ ಎಎಂಸಿಎಎಸ್ ಎಂಬ ಕೇಂದ್ರೀಕೃತ ಅರ್ಜಿ ಸೇವೆಯ ಮೂಲಕ ಅರ್ಜಿ ಹಾಕುವವರು ಹೈಸ್ಕೂಲಿನಲ್ಲಿದ್ದಾಗ ಓದಿದ ಕಾಲೇಜಿನ ಟ್ರಾನ್ಸ್‌ಕ್ರಿಪ್ಟನ್ನೂ ಸಲ್ಲಿಸಲೇಬೇಕು. ಹದಿನಾರನೆಯ ವಯಸ್ಸಿನಲ್ಲಿ ಬಂದ ಒಂದು ಸಿ ಗ್ರೇಡು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ವಿವರಣೆ ಕೇಳಬಹುದು.

ಸೇರುವ ಕೆಲಸವನ್ನು ಹೈಸ್ಕೂಲಿನ ಕೌನ್ಸೆಲರ್ ಅವರಿಂದ ಆರಂಭಿಸಬೇಕು. ಆಗಸ್ಟಿನಲ್ಲಿ ತೊಡಗುವ ಸೆಮಿಸ್ಟರಿಗಾಗಿ ಅದಕ್ಕೂ ಹಿಂದಿನ ಚಳಿಗಾಲದಲ್ಲೇ ಅವರನ್ನು ಕಂಡು, ಶಾಲೆಗೆ ಯಾವ ಕಾಲೇಜಿನೊಂದಿಗೆ ಒಪ್ಪಂದವಿದೆ, ಯಾವ ಕೋರ್ಸು ಹೈಸ್ಕೂಲಿನ ಯಾವ ಅಗತ್ಯವನ್ನು ಪೂರೈಸುತ್ತದೆ, ಅರ್ಜಿಯ ಕೊನೆಯ ದಿನಾಂಕ ಯಾವುದು ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳುವುದು ಒಳ್ಳೆಯದು. ಅರ್ಹತೆಗೆ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ನೋಡುತ್ತಾರೆ. ಉದಾಹರಣೆಗೆ ಫ್ಲೋರಿಡಾದಲ್ಲಿ ಸಾಮಾನ್ಯವಾಗಿ 3.0 ಬೇಕು. ಓಹಾಯೊದಲ್ಲಿ ಏಳನೆಯ ತರಗತಿಯಿಂದಲೇ ಅವಕಾಶವಿದೆ, ಆದರೆ ಅವಕಾಶವಿದೆ ಎಂಬ ಕಾರಣಕ್ಕೇ ಅಷ್ಟು ಬೇಗ ಸೇರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಪೋಷಕರ ಹಾಗೂ ಶಾಲೆಯ ಸಹಿ ಇರುವ ಅನುಮತಿ ಪತ್ರದೊಂದಿಗೆ ಕಾಲೇಜಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. ವಿದ್ಯಾರ್ಥಿ ಕಾಲೇಜಿನ ಓದಿಗೆ ಸಿದ್ಧವೇ ಎಂದು ನೋಡಲು ಅನೇಕ ಕಾಲೇಜುಗಳು ಅಕ್ಯುಪ್ಲೇಸರ್‌ನಂತಹ ಪರೀಕ್ಷೆಯನ್ನು ಕೇಳುತ್ತವೆ. ಟೆಕ್ಸಸ್‌ನಲ್ಲಿ ಇದಕ್ಕೆ ಟಿಎಸ್‌ಐ ಎಂಬ ಪರೀಕ್ಷೆ ಇದೆ. ತರಗತಿ ನಡೆಯುವುದು ಹೈಸ್ಕೂಲಿನಲ್ಲೋ, ಕಾಲೇಜಿನ ಆವರಣದಲ್ಲೋ, ಆನ್‌ಲೈನಿನಲ್ಲೋ ಎಂಬುದನ್ನೂ ಕೇಳಬೇಕು.

ಖರ್ಚು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಫ್ಲೋರಿಡಾ ಮತ್ತು ಓಹಾಯೊಗಳ ಸರ್ಕಾರಿ ಶಾಲೆಯ ಮಕ್ಕಳು ಸರ್ಕಾರಿ ಕಾಲೇಜಿನಲ್ಲಿ ಓದಿದರೆ ಬೋಧನಾ ಶುಲ್ಕವನ್ನಾಗಲಿ ಪಠ್ಯಪುಸ್ತಕದ ಹಣವನ್ನಾಗಲಿ ಕೊಡಬೇಕಿಲ್ಲ. ವಾಷಿಂಗ್ಟನ್ನಿನಲ್ಲಿ ಬೋಧನಾ ಶುಲ್ಕದ ವಿನಾಯಿತಿ ಇದ್ದರೂ ಪುಸ್ತಕ, ಪ್ರಯಾಣ ಮತ್ತು ಇತರ ಶುಲ್ಕಗಳು ಮನೆಯವರ ಪಾಲಿಗೆ ಬರುತ್ತವೆ. ಹೈಸ್ಕೂಲಿನ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಫೆಡರಲ್ ಪೆಲ್ ಗ್ರ್ಯಾಂಟ್ (ಕಡಿಮೆ ಆದಾಯದ ಕಾಲೇಜು ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಸಹಾಯಧನ) ಸಿಗುವುದಿಲ್ಲ.

ಸಮಯದ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಬೇಕು. ಒಂದು ಕ್ರೆಡಿಟಿಗೆ ವಾರಕ್ಕೆ ಒಂದು ಗಂಟೆ ತರಗತಿ ಮತ್ತು ಎರಡು ಗಂಟೆ ಸ್ವಂತ ಓದು ಎಂಬುದು ರೂಢಿಯ ಅಳತೆ. ಹಾಗಾದರೆ ಮೂರು ಕ್ರೆಡಿಟಿನ ಒಂದೇ ಕೋರ್ಸು, ಸುಮಾರು ಹದಿನೈದು ವಾರಗಳ ಕಾಲ, ವಾರಕ್ಕೆ ಒಂಬತ್ತು ಗಂಟೆ ಬೇಡುತ್ತದೆ. ಮೊದಲ ಸೆಮಿಸ್ಟರಿಗೆ ಒಂದು ಕೋರ್ಸು ಸಾಕು. ಕೋರ್ಸು ಭಾರವೆನಿಸಿದರೆ ಆರಂಭದ ಕೆಲವು ದಿನಗಳೊಳಗೆ ಬಿಟ್ಟಾಗ ದಾಖಲೆಯಲ್ಲಿ ಏನೂ ಉಳಿಯುವುದಿಲ್ಲ. ಆ ಗಡುವು ದಾಟಿದ ಮೇಲೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಡಬ್ಲ್ಯೂ (ಕೋರ್ಸನ್ನು ನಡುವೆ ಬಿಟ್ಟ ಗುರುತು) ಎಂದು ಬರುತ್ತದೆ. ಕಾಲೇಜಿನ ಗಡುವುಗಳು ಹೈಸ್ಕೂಲಿನ ಕ್ಯಾಲೆಂಡರಿಗೆ ಹೊಂದಿಕೆಯಾಗುವುದಿಲ್ಲವಾದ್ದರಿಂದ ಎರಡನ್ನೂ ಅಕ್ಕಪಕ್ಕ ಇಟ್ಟು ಗುರುತು ಹಾಕಿಕೊಳ್ಳಬೇಕು. ಎರಡು ಸಂಸ್ಥೆಗಳ ವಸಂತ ರಜೆ ಬೇರೆ ಬೇರೆ ವಾರಗಳಲ್ಲಿ ಬಂದು ಮನೆಯವರ ಪ್ರವಾಸ ರದ್ದಾಗುವುದೂ ಉಂಟು.

ಪೋಷಕರಿಗೆ ಅಚ್ಚರಿಯಾಗುವ ಸಂಗತಿಯೊಂದಿದೆ. ಫೆರ್ಪಾ ಎಂಬ 1974ರ ಫೆಡರಲ್ ಕಾನೂನಿನ ಪ್ರಕಾರ, ಕಾಲೇಜಿನ ದಾಖಲೆಗಳ ಹಕ್ಕು ವಯಸ್ಸು ಎಷ್ಟೇ ಇರಲಿ ವಿದ್ಯಾರ್ಥಿಯದೇ. ತೆರಿಗೆಯಲ್ಲಿ ಅವಲಂಬಿತರೆಂದು ತೋರಿಸಿದ ಮಗುವಿನ ಮಾಹಿತಿಯನ್ನು ಕಾಲೇಜು ಪೋಷಕರಿಗೆ ಕೊಡಬಹುದಾದರೂ, ಕೊಡಲೇಬೇಕೆಂಬ ಕಡ್ಡಾಯವಿಲ್ಲ. ಅಪ್ಪ ಅಮ್ಮ ಪ್ರಾಧ್ಯಾಪಕರಿಗೆ ಇಮೇಲ್ ಬರೆದರೆ ಉತ್ತರ ಬಾರದಿರುವುದೇ ಹೆಚ್ಚು. ಬರೆಯುವುದನ್ನು ಮಗನೋ ಮಗಳೋ ಕಲಿಯಬೇಕು. ವಿಶೇಷ ಶಿಕ್ಷಣದ ಐಇಪಿ (ಮಗುವಿಗೆಂದೇ ರೂಪಿಸಿದ ಶಿಕ್ಷಣ ಯೋಜನೆ) ಇರುವ ಮಕ್ಕಳಿಗೂ ಕಾಲೇಜಿನ ಕೋರ್ಸಿನಲ್ಲಿ ಆ ಸೌಲಭ್ಯಗಳು ತಾನಾಗಿ ಬರುವುದಿಲ್ಲ. ಕಾಲೇಜಿನ ಅಂಗವಿಕಲ ಸೇವಾ ಕಚೇರಿಗೆ ದಾಖಲೆಗಳೊಂದಿಗೆ ಬೇರೆಯಾಗಿ ಕೇಳಿಕೊಳ್ಳಬೇಕು.

ಕೋರ್ಸು ಮುಗಿದ ಮೇಲೆ ಅದರ ಸಿಲಬಸ್ಸನ್ನೂ ಬರೆದ ಮುಖ್ಯ ಪ್ರಬಂಧಗಳನ್ನೂ ಜೋಪಾನವಾಗಿಡಬೇಕು, ಏಕೆಂದರೆ ಕೋರ್ಸುಗಳ ಸಮಾನತೆಯ ಬಗ್ಗೆ ಪ್ರಶ್ನೆ ಬಂದಾಗ ವಿಶ್ವವಿದ್ಯಾಲಯದ ವಿಭಾಗದವರು ನೋಡುವುದು ಅವನ್ನೇ. ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ ಕೋರ್ಸಿನ ಹೆಸರು ಇದ್ದರೆ ಸಾಲದು. ಕ್ರೆಡಿಟ್ ಕೊಟ್ಟ ಕಾಲೇಜಿನಿಂದಲೇ ಅಧಿಕೃತ ಟ್ರಾನ್ಸ್‌ಕ್ರಿಪ್ಟನ್ನು ಹೊಸ ವಿಶ್ವವಿದ್ಯಾಲಯಕ್ಕೆ ಕಳುಹಿಸಲು ಕೋರಬೇಕು. ಇದು ಮೊದಲ ಸೆಮಿಸ್ಟರಿನ ಕೋರ್ಸುಗಳನ್ನು ಆರಿಸುವ ಮೊದಲೇ ತಲುಪಿರಬೇಕು, ಇಲ್ಲವಾದರೆ ಓದಿ ಮುಗಿಸಿದ ವಿಷಯಕ್ಕೇ ಮತ್ತೆ ಹೆಸರು ನೋಂದಾಯಿಸಿ ಶುಲ್ಕ ಕಟ್ಟುವ ಸಂದರ್ಭ ಬರುತ್ತದೆ.